ಉದ್ಯಮಶೀಲತೆ ಕಲಿಸುವುದು ಹೇಗೆ? ಕರಾವಳಿಯ ಅಧ್ಯಾಪಕರಿಗೆ ಒಂದು ಸೆಮಿಸ್ಟರಿನ ದಾರಿ

ಮಂಗಳೂರು, ಉಡುಪಿ ಕಡೆಯ ಕಾಲೇಜು ಅಧ್ಯಾಪಕರಿಂದ ಪ್ರತಿ ಸೆಮಿಸ್ಟರಿನ ಬಾಗಿಲಲ್ಲಿ ಒಂದೇ ಪ್ರಶ್ನೆ ಬರುತ್ತದೆ. “ಈ ಸಲ ಉದ್ಯಮಶೀಲತೆಯ ಪೇಪರ್ ನನ್ನ ಪಾಲಿಗೆ ಬಂದಿದೆ. ನಾನು ಒಂದು ಗೂಡಂಗಡಿಯನ್ನೂ ನಡೆಸಿದವನಲ್ಲ. ಹೇಗೆ ಕಲಿಸಲಿ?” ಕೇಳುವವರಲ್ಲಿ ಬಿಕಾಂ, ಬಿಬಿಎ ಪಾಠ ಮಾಡುವವರಿದ್ದಾರೆ, ಎಂಜಿನಿಯರಿಂಗ್‌ನವರಿದ್ದಾರೆ. ಬೇರೆ ಪಾಠದ ಅವಧಿ ಸಾಲದೆ ಈ ಪೇಪರನ್ನು ತಲೆಗೆ ಕಟ್ಟಿಸಿಕೊಂಡವರೂ ಇದ್ದಾರೆ.

ನೀವು ಉದ್ಯಮಿಯಾಗಿರಬೇಕಿಲ್ಲ. ನಿಮ್ಮಿಂದ ಆಗಬೇಕಾದ್ದು ಮೂರು ಕೆಲಸ. ವಿದ್ಯಾರ್ಥಿಯು ತನ್ನ ಗುರುತು ಪರಿಚಯವಿಲ್ಲದ ಒಬ್ಬರಿಗೆ ಏನನ್ನಾದರೂ ಮಾರುವಂತೆ ಮಾಡುವುದು, ಮಾರಿದಾಗ ಅಥವಾ ಮಾರಲಾಗದೆ ಮರಳಿದಾಗ ಏನಾಯಿತೆಂದು ಲೆಕ್ಕ ಸಮೇತ ಬರೆಸುವುದು, ಆ ಬರಹಕ್ಕೆ ಅಂಕ ಕೊಡುವುದು. ಉದ್ಯಮಿಯ ಹತ್ತು ಲಕ್ಷಣಗಳು, ಉದ್ಯಮಗಳ ವರ್ಗೀಕರಣ, ಸರಕಾರದ ಯೋಜನೆಗಳ ಪಟ್ಟಿ ಇವನ್ನೆಲ್ಲ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಓದಿಕೊಳ್ಳುತ್ತಾರೆ. ಅದಕ್ಕೆ ನೀವು ಬೇಕಾಗುವುದಿಲ್ಲ.

ಇದು ನನ್ನೊಬ್ಬನ ಹಟವಲ್ಲ. ಪಶ್ಚಿಮ ಆಫ್ರಿಕಾದ ಟೋಗೊ ದೇಶದಲ್ಲಿ 1,500 ಸಣ್ಣ ಉದ್ದಿಮೆದಾರರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಲೆಕ್ಕಪತ್ರ, ಮಾರುಕಟ್ಟೆಯಂಥ ವಾಡಿಕೆಯ ವ್ಯವಹಾರ ತರಬೇತಿ ಸಿಕ್ಕಿತು. ಇನ್ನೊಂದಕ್ಕೆ ತಾನೇ ಮುಂದಾಗಿ ಅವಕಾಶ ಹುಡುಕುವ, ಅಡ್ಡಿ ಬಂದರೂ ಬೇರೆ ದಾರಿ ನೋಡುವ ಅಭ್ಯಾಸದ ತರಬೇತಿ. ಮೂರನೆಯದಕ್ಕೆ ಏನೂ ಇಲ್ಲ. ಮುಂದಿನ ಎರಡು ವರ್ಷಗಳಲ್ಲಿ ಎರಡನೇ ಗುಂಪಿನ ಲಾಭ ಶೇ 30ರಷ್ಟು ಹೆಚ್ಚಿತ್ತು. ವಾಡಿಕೆಯ ತರಬೇತಿ ಪಡೆದವರಲ್ಲಿ ಕಂಡದ್ದು ಶೇ 11. ಅದೂ ಆಕಸ್ಮಿಕವಲ್ಲ ಎಂದು ಗಟ್ಟಿಯಾಗಿ ಹೇಳುವಷ್ಟು ಇರಲಿಲ್ಲ. ನಮ್ಮ ದೇಶಕ್ಕೂ ಈ ಯೋಚನೆ ಹೊಸತಲ್ಲ. ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳ ಮೇಲೆ ಇಂಥದೇ ತರಬೇತಿಯ ಪ್ರಯೋಗ ಮಾಡಿದ್ದರು.

ಶುರು ಮಾಡಲು ಬೇಕಾದದ್ದು ಇಷ್ಟು: ಪ್ರಾಂಶುಪಾಲರ ಲಿಖಿತ ಒಪ್ಪಿಗೆ, ತಂಡಕ್ಕೊಂದು ದಪ್ಪ ನೋಟ್‌ಬುಕ್, ತಂಡಕ್ಕೆ ಇನ್ನೂರು ಮುನ್ನೂರು ರೂಪಾಯಿ, ವಾರಕ್ಕೆ ಒಮ್ಮೆಯಾದರೂ ಎರಡು ಅವಧಿ ಒಟ್ಟಿಗೆ ಸಿಗುವ ಟೈಮ್‌ಟೇಬಲ್. ಕೊನೆಯದು ಸಿಗುವುದೇ ಕಷ್ಟ. ರಜೆಯಲ್ಲೇ ಟೈಮ್‌ಟೇಬಲ್ ಮಾಡುವವರ ಬೆನ್ನು ಹಿಡಿಯಿರಿ.

1. ಪಾಠಕ್ಕೆ ಮೊದಲು ಅಂಕಪಟ್ಟಿ

ಹೆಚ್ಚಿನ ಕಡೆ ಆಂತರಿಕ ಅಂಕ ಹೋಗುವುದು ‘ಬಿಸಿನೆಸ್ ಪ್ಲಾನ್’ ಎಂಬ ಮೂವತ್ತು ಪುಟದ ವರದಿಗೆ. ಹಿಂದೆ ಅದು ಹಿರಿಯ ವಿದ್ಯಾರ್ಥಿಗಳ ವರದಿಯ ನಕಲಾಗಿರುತ್ತಿತ್ತು. ಈಗ ಎಐ ಹತ್ತು ನಿಮಿಷದಲ್ಲಿ ಬರೆದು ಕೊಡುತ್ತದೆ, ಐದು ವರ್ಷದ ಲಾಭದ ಅಂದಾಜಿನ ಸಮೇತ. ಓದಲು ಚೆಂದ, ಕಲಿಕೆ ಸೊನ್ನೆ. ಆ ವರದಿಯನ್ನು ಕೈಬಿಡಿ.

ಆಂತರಿಕ ಅಂಕ ನಿಮ್ಮಲ್ಲಿ 20 ಇರಲಿ, 50 ಇರಲಿ, ಅದನ್ನು ಹೀಗೆ ಹಂಚಬಹುದು: ಗ್ರಾಹಕರ ಭೇಟಿಯ ಟಿಪ್ಪಣಿಗೆ ಶೇ 30, ಲೆಕ್ಕದ ಪುಸ್ತಕಕ್ಕೆ ಶೇ 25, ಯೋಚನೆ ಎಲ್ಲಿ, ಯಾಕೆ ಬದಲಾಯಿತು ಎಂಬ ದಾಖಲೆಗೆ ಶೇ 25, ಮೌಖಿಕ ಪರೀಕ್ಷೆಗೆ ಶೇ 20.

ಲಾಭಕ್ಕೆ ಅಂಕವಿಲ್ಲ. ಈ ಮಾತನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯಿರಿ. ಲಾಭಕ್ಕೆ ಅಂಕ ಇಟ್ಟರೆ ಅಪ್ಪನಿಗೆ ಅಂಗಡಿ ಇರುವ ಹುಡುಗನೇ ಗೆಲ್ಲುತ್ತಾನೆ. ಮಾವಂದಿರು, ಚಿಕ್ಕಮ್ಮಂದಿರು ಸಾಲಾಗಿ ನಿಂತು ಕೊಂಡುಕೊಳ್ಳುತ್ತಾರೆ, ದುಬೈಯಲ್ಲಿರುವ ಅಣ್ಣ ಗೂಗಲ್ ಪೇ ಮಾಡುತ್ತಾನೆ. ಬೆಳ್ತಂಗಡಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ ಎಷ್ಟು ದುಡಿದರೂ ಹಿಂದೆ ಉಳಿಯುತ್ತಾಳೆ.

2. ಒಪ್ಪಿಗೆ ಮತ್ತು ಗಡಿ

ಕಾಲೇಜಿನವರು ಮೊದಲು ಕೇಳುವುದು “ಮಕ್ಕಳನ್ನು ಬೀದಿಗೆ ಬಿಟ್ಟು ಏನಾದರೂ ಆದರೆ?” ಎಂದು. ನ್ಯಾಯವಾದ ಪ್ರಶ್ನೆ. ಒಂದು ಪುಟದ ನಿಯಮಾವಳಿ ಮಾಡಿ ಪ್ರಾಂಶುಪಾಲರಿಂದ ಸಹಿ ಹಾಕಿಸಿ, ವಿದ್ಯಾರ್ಥಿಗಳಿಂದಲೂ ಹಾಕಿಸಿ. ಅದರಲ್ಲಿ ಇರಬೇಕಾದವು: ಒಬ್ಬರೇ ಹೋಗಬಾರದು, ಜೊತೆಗೊಬ್ಬರು ಬೇಕು. ಕತ್ತಲಾದ ಮೇಲೆ ಭೇಟಿಯಿಲ್ಲ. ಕಾಲೇಜಿನ ಹೆಸರಿನಲ್ಲಿ ಹಣ ಎತ್ತುವಂತಿಲ್ಲ. ಸದಸ್ಯರನ್ನು ಸೇರಿಸಿ ಕಮಿಷನ್ ಪಡೆಯುವ ಚೈನ್ ವ್ಯವಹಾರ, ಬೆಟ್ಟಿಂಗ್ ಆ್ಯಪ್, ಷೇರು ಟ್ರೇಡಿಂಗ್ ಇಲ್ಲ.

ಹಣಕ್ಕೂ ಮಿತಿ ಹಾಕಿ. ತಂಡವೊಂದು ಇಡೀ ಸೆಮಿಸ್ಟರಿನಲ್ಲಿ ಕಳೆದುಕೊಳ್ಳಬಹುದಾದ ಮೊತ್ತ ಎಷ್ಟು ಎಂಬುದು ಮೊದಲೇ ತೀರ್ಮಾನವಾಗಲಿ, ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಇದರ ಹಿಂದೆ ಒಂದು ವಿಚಾರವಿದೆ. ಭಾರತೀಯ ಮೂಲದ ಸಂಶೋಧಕಿ ಸರಸ್ ಸರಸ್ವತಿ ಅವರು 27 ಅನುಭವಿ ಉದ್ಯಮಿಗಳ ಮುಂದೆ ಒಂದೇ ಸಮಸ್ಯೆ ಇಟ್ಟು, ಅವರು ಹೇಗೆ ಯೋಚಿಸುತ್ತಾರೆಂದು ದಾಖಲಿಸಿದರು. ‘ಎಷ್ಟು ಲಾಭ ಬಂದೀತು’ ಎಂಬ ಲೆಕ್ಕಕ್ಕಿಂತ ‘ಎಷ್ಟು ಹೋದರೆ ನಾನು ತಡೆದುಕೊಂಡೇನು’ ಎಂಬ ಲೆಕ್ಕದಿಂದ ಅವರು ಹೊರಡುತ್ತಿದ್ದರು. ಇದಕ್ಕೆ ತಾಳಬಲ್ಲ ನಷ್ಟ ಎನ್ನೋಣ. ‘ನನ್ನಲ್ಲಿ ಏನಿದೆ, ನನಗೆ ಯಾರು ಗೊತ್ತು’ ಎಂಬಲ್ಲಿಂದ ಹೊರಡುವುದೂ ಅದೇ ರೀತಿಯ ಭಾಗ. ಕೈಯಲ್ಲಿ ಬಂಡವಾಳವಿಲ್ಲದ ಇಪ್ಪತ್ತರ ಹುಡುಗರಿಗೆ ಈ ದಾರಿ ಸರಿಹೊಂದುತ್ತದೆ.

ಎಚ್ಚರಿಕೆ: ತಿನ್ನುವ ವಸ್ತು. ಹತ್ತು ತಂಡಗಳಲ್ಲಿ ಆರು ತಂಡ ಗೋಳಿಬಜೆ, ಚರುಮುರಿ, ಕೇಕ್ ಎಂದು ಬರುತ್ತವೆ. ಆಹಾರ ಮಾರುವವರಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ವ್ಯಾಪಾರ ಎಷ್ಟೇ ಸಣ್ಣದಿದ್ದರೂ. ಪೊಟ್ಟಣದಲ್ಲಿ ಮಾರುವುದಾದರೆ ತೂಕ, ಬೆಲೆ, ತಯಾರಿಸಿದ ತಿಂಗಳು, ತಯಾರಕರ ವಿಳಾಸ ಅಚ್ಚಾಗಿರಬೇಕು. ಸುಲಭದ ದಾರಿಯೆಂದರೆ, ಈಗಾಗಲೇ ನೋಂದಣಿ ಇರುವ ಸ್ವಸಹಾಯ ಸಂಘದಿಂದಲೋ ಸಣ್ಣ ತಯಾರಕರಿಂದಲೋ ಹಪ್ಪಳ, ಉಪ್ಪಿನಕಾಯಿ ಕೊಂಡು ಮಾರುವುದು. ಇಲ್ಲಿ ಕಲಿಯಬೇಕಾದ್ದು ಮಾರಾಟ. ಹಪ್ಪಳ ಒತ್ತಲು ಮನೆಯಲ್ಲಿ ಕಲಿಸುತ್ತಾರೆ.

3. ತಂಡ ಕಟ್ಟುವುದು

ಮೂರರಿಂದ ನಾಲ್ಕು ಜನ. ಐದಾದರೆ ಒಬ್ಬ ಹಾಜರಿಗೆ ಮಾತ್ರ ಇರುತ್ತಾನೆ.

ತಂಡವನ್ನು ಅವರೇ ಆರಿಸಿಕೊಂಡರೆ ಒಂದೇ ಬೆಂಚಿನವರು ಒಟ್ಟಾಗುತ್ತಾರೆ. ನೀವೇ ಬೆರೆಸಿ. ಲೆಕ್ಕ ಬಲ್ಲವರೊಬ್ಬರು, ಮಾತು ಬಲ್ಲವರೊಬ್ಬರು, ಕೈಕೆಲಸವೋ ಕಂಪ್ಯೂಟರೋ ಬಲ್ಲವರೊಬ್ಬರು. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದೆ ಸಿಂಡಿಕೇಟ್ ಬ್ಯಾಂಕ್) ಕಟ್ಟಿದ ಮೂವರಲ್ಲಿ ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ವೈದ್ಯರು. ಇದನ್ನು ತರಗತಿಯಲ್ಲಿ ಹೇಳಿದರೆ ಬೆರಕೆ ತಂಡದ ಬಗ್ಗೆ ಗೊಣಗಾಟ ಸ್ವಲ್ಪ ತಗ್ಗುತ್ತದೆ.

ನಮ್ಮ ಕಡೆ ಇನ್ನೊಂದು ವಿಷಯ ನೋಡಲೇಬೇಕು: ಭಾಷೆ. ಮಲ್ಪೆಯ ಬಂದರಿನಲ್ಲಿ ತುಳು ಬೇಕು. ಮಂಗಳೂರಿನ ಬಂದರು ಪ್ರದೇಶದ ಸಗಟು ಅಂಗಡಿಗಳಲ್ಲಿ ಬ್ಯಾರಿ, ಕೊಂಕಣಿ ಬಂದರೆ ಮಾತು ಬೇಗ ಬಿಚ್ಚಿಕೊಳ್ಳುತ್ತದೆ. ಕುಂದಾಪುರದ ಕಡೆ ಹೋದರೆ ಅಲ್ಲಿಯದೇ ಕನ್ನಡ. ತಂಡದ ಗ್ರಾಹಕರು ಯಾವ ಭಾಷೆಯವರೋ ಆ ಭಾಷೆಯವರೊಬ್ಬರು ತಂಡದಲ್ಲಿರಲಿ. ಇಂಗ್ಲಿಷಿನಲ್ಲಿ ಪ್ರಶ್ನಾವಳಿ ಹಿಡಿದು ಹೋದ ತಂಡಕ್ಕೆ ಸಿಗುವುದು ಟಿಕ್ ಗುರುತುಗಳಷ್ಟೇ.

4. ಮೊದಲ ವಾರವೇ ಒಂದು ಮಾರಾಟ

ಸಿದ್ಧಾಂತ ಮುಗಿಸಿ ಪ್ರಯೋಗ ಎಂದು ಕಾದರೆ ಇಂಟರ್ನಲ್ಸ್ ಬರುತ್ತದೆ, ಕಾಲೇಜು ಡೇ ಬರುತ್ತದೆ, ಸೆಮಿಸ್ಟರ್ ಮುಗಿಯುತ್ತದೆ. ಮೊದಲ ವಾರವೇ ತಂಡಕ್ಕೆ ಇನ್ನೂರು ರೂಪಾಯಿ ಕೊಟ್ಟು, ಏಳು ದಿನದಲ್ಲಿ ಇದರಿಂದ ಏನಾದರೂ ಮಾಡಿ ತನ್ನಿ ಎನ್ನಿ. ನಿಯಮ ಒಂದೇ, ಕೊಳ್ಳುವವರು ಸಂಬಂಧಿಕರೂ ಸಹಪಾಠಿಗಳೂ ಆಗಿರಬಾರದು. ಕೆಲವರು ಪೆನ್ನು ಕೊಂಡು ಮಾರುತ್ತಾರೆ. ಕೆಲವರು ಹಣ ಮುಟ್ಟದೆಯೇ ದುಡಿಯುವ ಉಪಾಯ ಹುಡುಕುತ್ತಾರೆ, ಅಪಾರ್ಟ್‌ಮೆಂಟಿನ ಹಿರಿಯರಿಗೆ ಮೊಬೈಲ್ ಬಳಸಲು ಕಲಿಸುವುದು, ಅಂಗಡಿಯೊಂದರ ವಿಳಾಸ, ಫೋಟೋ ಗೂಗಲ್ ಮ್ಯಾಪಿಗೆ ಸೇರಿಸಿಕೊಡುವುದು ಹೀಗೆ. ವಾರದ ಕೊನೆಗೆ ಎಲ್ಲರ ಲೆಕ್ಕ ಬೋರ್ಡಿಗೆ ಬರಲಿ. ಬಂಡವಾಳ, ಸೇವೆ, ಮಾರುಕಟ್ಟೆ, ಬೆಲೆ ಎಂಬ ಶಬ್ದಗಳನ್ನು ಆಗ ವಿವರಿಸಿ. ತಲೆಗೆ ಹೋಗುತ್ತದೆ.

ಅಮೆರಿಕದ ಬಾಬ್ಸನ್ ಕಾಲೇಜಿನಲ್ಲಿ ಮೊದಲ ವರ್ಷದವರೇ ಕಾಲೇಜಿನಿಂದ ಸಾಲ ಪಡೆದು ನಿಜವಾದ ವ್ಯವಹಾರ ನಡೆಸುವ ಕ್ರಮ ಬಹುಕಾಲ ಇತ್ತು. ನಮಗೆ ಅಷ್ಟು ದೊಡ್ಡದು ಬೇಡ, ಇನ್ನೂರು ಸಾಕು.

5. ಗ್ರಾಹಕರೊಡನೆ ಮಾತು

ಅರ್ಧ ಸೆಮಿಸ್ಟರ್ ಇಲ್ಲಿಗೇ ಹೋಗಲಿ, ಪರವಾಗಿಲ್ಲ. ಮುಂದಿನದ್ದೆಲ್ಲ ನಿಲ್ಲುವುದು ಇದರ ಮೇಲೆ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 2011ರಲ್ಲಿ ಆರಂಭಿಸಿದ ಐ-ಕೋರ್ ಎಂಬ ಕಾರ್ಯಕ್ರಮದಲ್ಲಿ, ಸಂಶೋಧನೆಯನ್ನು ಉದ್ಯಮವಾಗಿಸಲು ಹೊರಟ ತಂಡಗಳು ಕೆಲವೇ ವಾರಗಳಲ್ಲಿ ನೂರು ಜನ ಗ್ರಾಹಕರನ್ನು ಮುಖತಃ ಮಾತನಾಡಿಸಬೇಕು. ವಿಜ್ಞಾನಿಗಳಿಗೇ ಈ ಪಾಡು. ನಮ್ಮ ತಂಡಗಳಿಗೆ ಹದಿನೈದು ಭೇಟಿ ಇಡಿ. ಪ್ರತಿ ಭೇಟಿಗೂ ಅರ್ಧ ಪುಟ ಟಿಪ್ಪಣಿ, ಅದೇ ದಿನ, ಕೈಬರಹದಲ್ಲಿ.

ಏನು ಕೇಳಬೇಕು ಎಂಬುದನ್ನು ಕಲಿಸಬೇಕಾಗುತ್ತದೆ, ತಾನಾಗಿ ಬರುವುದಿಲ್ಲ. ವಿದ್ಯಾರ್ಥಿಗಳು ಸಹಜವಾಗಿ ಕೇಳುವುದು “ನಾವು ಇಂಥದ್ದೊಂದು ಆ್ಯಪ್ ಮಾಡಿದರೆ ಬಳಸ್ತೀರಾ?” ಎಂದು. ನಮ್ಮೂರಿನವರು ಮರ್ಯಾದಸ್ಥರು. ಕಾಲೇಜು ಮಕ್ಕಳ ಮುಖ ಬಾಡಿಸಲು ಯಾರಿಗೂ ಮನಸ್ಸು ಬಾರದು. “ಎಡ್ಡೆ ಉಂಡು ಮಗಾ, ಮಲ್ಪುಲೆ” (ಚೆನ್ನಾಗಿದೆ ಮಗಾ, ಮಾಡಿ) ಎನ್ನುತ್ತಾರೆ. ತಂಡ ಹಿಗ್ಗಿ ಬಂದು ‘ಶೇ 90 ಜನ ಒಪ್ಪಿದ್ದಾರೆ’ ಎಂದು ಪೈ ಚಾರ್ಟ್ ಮಾಡುತ್ತದೆ. ಅವರಲ್ಲಿ ಒಬ್ಬರೂ ನಾಳೆ ಹತ್ತು ರೂಪಾಯಿ ಬಿಚ್ಚುವುದಿಲ್ಲ.

ಮುಂದೆ ಏನು ಮಾಡುತ್ತೀರಿ ಎಂದು ಕೇಳಬೇಡಿ, ಹಿಂದೆ ಏನು ಮಾಡಿದಿರಿ ಎಂದು ಕೇಳಿ. ನಡೆದುಹೋದದ್ದರ ಬಗ್ಗೆ ದಾಕ್ಷಿಣ್ಯಕ್ಕೆ ಬಿದ್ದು ಸುಳ್ಳು ಹೇಳುವ ಅಗತ್ಯ ಯಾರಿಗೂ ಇರುವುದಿಲ್ಲ.

ಒಂದು ಉದಾಹರಣೆ ಹಿಡಿಯೋಣ. ತಂಡವೊಂದಕ್ಕೆ ಶಂಕರಪುರ ಮಲ್ಲಿಗೆಯನ್ನು ಮನೆ ಬಾಗಿಲಿಗೆ ಮುಟ್ಟಿಸುವ ಆ್ಯಪ್ ಮಾಡುವ ಆಸೆ. ಭೌಗೋಳಿಕ ಗುರುತು ಪಡೆದ ಹೂವು, ಮದುವೆ, ಕೋಲ, ನೇಮಕ್ಕೆ ಬೇಕೇ ಬೇಕು. ಯೋಚನೆ ಕೇಳಲು ಚೆನ್ನಾಗಿದೆ. ಆ್ಯಪ್ ಬಗ್ಗೆ ಬಾಯಿ ಬಿಡದೆ ಹೂ ಕೊಳ್ಳುವವರಲ್ಲಿ ಇಷ್ಟು ಕೇಳಲಿ:

“ಕಳೆದ ಸಲ ಮಲ್ಲಿಗೆ ಕೊಂಡದ್ದು ಯಾವಾಗ? ಯಾವ ಕಾರ್ಯಕ್ರಮಕ್ಕೆ?”
“ಎಲ್ಲಿಂದ ತಂದಿರಿ? ಯಾರು ಹೋಗಿ ತಂದರು?”
“ಆ ದಿನ ದರ ಎಷ್ಟಿತ್ತು? ದರ ಕೇಳಿ ಕಮ್ಮಿ ಕೊಂಡಿರಾ?”
“ತರುವುದರಲ್ಲಿ ಏನಾದರೂ ತೊಂದರೆ ಆಯಿತಾ? ಆಮೇಲೆ ಏನು ಮಾಡಿದಿರಿ?”

ಹದಿನೈದು ಜನರಲ್ಲಿ ಇದನ್ನು ಕೇಳಿ ಬಂದ ತಂಡಕ್ಕೆ, ಯಾವ ಪಠ್ಯದಲ್ಲೂ ಇಲ್ಲದ ವಿಷಯಗಳು ಗೊತ್ತಾಗುತ್ತವೆ. ಹೂವು ಚೆಂಡು, ಅಟ್ಟೆ ಲೆಕ್ಕದಲ್ಲಿ ಹೋಗುತ್ತದೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬದಲಾಗುತ್ತದೆ, ಮದುವೆ ಸೀಸನ್ನಿನಲ್ಲಿ ಏರುವುದಕ್ಕೆ ಲೆಕ್ಕವಿಲ್ಲ. ಆ್ಯಪಿನಲ್ಲಿ ಇಂದು ತೋರಿಸಿದ ಬೆಲೆಗೆ ನಾಳೆ ಹೂವು ಸಿಗುತ್ತದೆಂಬ ಖಾತ್ರಿಯಿಲ್ಲ. ಕೊಳ್ಳುವವರಿಗೆ ಆಗಲೇ ನಂಬಿಕೆಯ ಹೂವಿನವರಿದ್ದಾರೆ, ಒಂದು ಫೋನಿಗೆ ಕೆಲಸ ಆಗುತ್ತದೆ. ಹಾಗಾದರೆ ತೊಂದರೆ ಇರುವುದು ಕೊಳ್ಳುವವರಿಗೋ, ಬೆಳೆಯುವ ಮನೆಯವರಿಗೋ? ಬೆಳಗ್ಗೆ ಬೇಗ ಕೊಯ್ದು ಕಟ್ಟಲು ಜನ ಸಾಲದು ಎಂಬುದು ದೊಡ್ಡ ಸಮಸ್ಯೆಯಾಗಿರಬಹುದೇ? ತಂಡ ಈಗ ಬೆಳೆಗಾರರ ಅಂಗಳಕ್ಕೆ ಹೋಗಬೇಕಾಗುತ್ತದೆ. ಗ್ರಾಹಕರ ಮಾತಿನಿಂದ ಯೋಚನೆಯ ದಿಕ್ಕು ಬದಲಿಸುವುದಕ್ಕೆ ಸ್ಟಾರ್ಟಪ್‌ನವರು ‘ಪಿವಟ್’ ಎನ್ನುತ್ತಾರೆ. ಅಂಕಪಟ್ಟಿಯಲ್ಲಿ ಶೇ 25 ಇಟ್ಟದ್ದು ಇದಕ್ಕೇ.

ಭೇಟಿ ಮುಗಿದ ಮೇಲೆ ‘ಎಂವಿಪಿ’ಗೆ ಹೋಗಿ. ಅಂದರೆ ಪೂರ್ತಿ ಸರಕು ತಯಾರಿಸುವ ಮೊದಲು, ಜನ ಹಣ ಕೊಡುತ್ತಾರೋ ಇಲ್ಲವೋ ನೋಡಲು ಮಾಡುವ ಅತಿ ಸಣ್ಣ ಮಾದರಿ. ಆ್ಯಪಿನ ಎಂವಿಪಿ ಎಂದರೆ ಒಂದು ವಾಟ್ಸ್ಆ್ಯಪ್ ನಂಬರ್ ಮತ್ತು ಒಂದು ಸ್ಕೂಟರ್. ಎಂಜಿನಿಯರಿಂಗ್ ಮಕ್ಕಳು ಇದನ್ನು ಒಪ್ಪುವುದಿಲ್ಲ, ಅವರಿಗೆ ಕೋಡ್ ಬರೆಯದಿದ್ದರೆ ಕೈ ತುರಿಸುತ್ತದೆ. ಐದು ಮಂದಿ ಮುಂಗಡ ಕೊಟ್ಟ ಮೇಲೆ ಕೋಡ್ ಬರೆಯಿರಿ ಎಂದು ಗಟ್ಟಿಯಾಗಿ ಹೇಳಿ.

ಎಚ್ಚರಿಕೆ: ಸುಳ್ಳು ಟಿಪ್ಪಣಿ. ಹಾಸ್ಟೆಲಿನಲ್ಲಿ ಕುಳಿತು ಹದಿನೈದು ‘ಭೇಟಿ’ ಬರೆಯುವವರು ಇದ್ದೇ ಇರುತ್ತಾರೆ. ಹಿಡಿಯುವುದು ಕಷ್ಟವಲ್ಲ. ಕಲ್ಪನೆಯ ಗ್ರಾಹಕರು ಎಲ್ಲರೂ ಒಪ್ಪುತ್ತಾರೆ, ಎಲ್ಲರೂ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾರೆ. ನಿಜವಾದ ಭೇಟಿಯಲ್ಲಿ ಒಬ್ಬರಾದರೂ ‘ಈಗ ಪುರುಸೊತ್ತಿಲ್ಲ’ ಎಂದು ಓಡಿಸಿರುತ್ತಾರೆ.

6. ಒಂದು ಘಟಕದ ಲೆಕ್ಕ

ವಿದ್ಯಾರ್ಥಿಗಳಿಗೆ ಐದು ವರ್ಷದ ಬ್ಯಾಲೆನ್ಸ್ ಶೀಟ್ ಬೇಡ. ಒಂದು ಬಾಟಲಿ, ಒಂದು ಪೊಟ್ಟಣ, ಒಂದು ಸೇವೆ ಮಾರಿದಾಗ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಗೊತ್ತಾದರೆ ಸಾಕು. ‘ಯೂನಿಟ್ ಎಕನಾಮಿಕ್ಸ್’ ಎಂಬ ದೊಡ್ಡ ಹೆಸರಿನ ಸಂಗತಿ ಇಷ್ಟೇ.

ಪುನರ್ಪುಳಿ (ಕೋಕಂ) ಸಿರಪ್ಪಿನ ಒಂದು ಬಾಟಲಿ ಹಿಡಿಯೋಣ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮ ತಂಡ ತನ್ನ ಪೇಟೆಯ ದರ ಹಾಕಿಕೊಳ್ಳಲಿ. ಮಾರುವ ಬೆಲೆ 160 ರೂಪಾಯಿ. ಅಂಗಡಿಯವರ ಕಮಿಷನ್ ಶೇ 20, ಅಂದರೆ 32. ಹಣ್ಣು, ಸಕ್ಕರೆ, ಗ್ಯಾಸ್ 58. ಬಾಟಲಿ, ಲೇಬಲ್ 18. ಸಾಗಾಟ 7. ಒಟ್ಟು 115 ಹೋಗಿ 45 ಉಳಿಯಿತು. ತಂಡ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟುತ್ತದೆ.

ನೀವು ಕೇಳಬೇಕಾದದ್ದು: ಕುದಿಸಿದವರು ಯಾರು? ಅಮ್ಮ. ಅಮ್ಮನಿಗೆ ಎಷ್ಟು ಕೊಟ್ಟಿರಿ? ಉತ್ತರ ಬರುವುದಿಲ್ಲ. ಗಂಟೆಗೆ ಆರು ಬಾಟಲಿ, ಗಂಟೆಗೆ 60 ರೂಪಾಯಿ ಕೂಲಿ ಎಂದರೂ ಬಾಟಲಿಗೆ 10 ಆಯಿತು. ಉಳಿದದ್ದು 35. ತಿಂಗಳಿಗೆ ಬಾಡಿಗೆ, ಕರೆಂಟು, ಫೋನು ಎಂದು 3,500 ಖರ್ಚಿದ್ದರೆ, ನೂರು ಬಾಟಲಿ ಹೋದಾಗ ಖರ್ಚು ಗಿಟ್ಟುತ್ತದೆ, ಲಾಭ ಶುರುವಾಗುವುದು ನೂರ ಒಂದನೆಯದರಿಂದ. ಒಡೆದ ಬಾಟಲಿ, ಅಂಗಡಿಯಿಂದ ವಾಪಸು ಬಂದ ಬಾಟಲಿ ಇನ್ನೂ ಸೇರಿಸಿಲ್ಲ. ಮನೆಯವರ ದುಡಿಮೆಯನ್ನು ಬಿಟ್ಟಿ ಎಂದು ಬಗೆಯುವುದು ಕರಾವಳಿಯ ಗೃಹೋದ್ಯಮದ ಹಳೆಯ ಕಾಯಿಲೆ. ಹುಡುಗರ ನೋಟ್‌ಬುಕ್ಕಿನಲ್ಲಾದರೂ ಅದಕ್ಕೊಂದು ಸಾಲು ಇರಲಿ.

ಲೆಕ್ಕ ಬರೆಯುವ ಕ್ರಮವೂ ಸರಳವಾಗಿರಲಿ. ಡೊಮಿನಿಕನ್ ಗಣರಾಜ್ಯದ ಸಣ್ಣ ಉದ್ದಿಮೆದಾರರಲ್ಲಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರಮಬದ್ಧ ಅಕೌಂಟಿಂಗ್ ಕಲಿಸಿದವರಿಗಿಂತ ನಾಲ್ಕಾರು ಸರಳ ನಿಯಮ ಕಲಿಸಿದವರು ಲೆಕ್ಕವನ್ನು ಚೆನ್ನಾಗಿ ಇಟ್ಟುಕೊಂಡರು. ಆ ನಿಯಮಗಳಲ್ಲಿ ಮುಖ್ಯವಾದದ್ದು, ಮನೆಯ ಹಣ ಬೇರೆ, ವ್ಯಾಪಾರದ ಹಣ ಬೇರೆ. ನಿಮ್ಮ ತಂಡಗಳಿಗೂ ಒಂದು ತಗಡಿನ ಡಬ್ಬಿ, ಒಬ್ಬನೇ ಸದಸ್ಯನ ಒಂದೇ ಯುಪಿಐ ಖಾತೆ, ದಿನದ ಕೊನೆಗೆ ಮೂರು ಸಾಲು: ಬಂದದ್ದು, ಹೋದದ್ದು, ಬರಬೇಕಾದದ್ದು. ‘ಬರಬೇಕಾದದ್ದು’ ಎಂಬ ಸಾಲು ಉದ್ದವಾಗುತ್ತಾ ಹೋದರೆ ತಂಡ ಕಡ ಕೊಟ್ಟು ಮುಳುಗುತ್ತಿದೆ ಎಂದರ್ಥ.

ಋತುವನ್ನೂ ಲೆಕ್ಕಕ್ಕೆ ತನ್ನಿ. ಪುನರ್ಪುಳಿ ಹಣ್ಣಾಗುವುದು ಬೇಸಗೆಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಳೆಗಾಲದಲ್ಲಿ ಮಲ್ಪೆ ಕಡಲತೀರದ ವ್ಯಾಪಾರ ಮಲಗುತ್ತದೆ. ಏಪ್ರಿಲಿನ ಮಾರಾಟವನ್ನು ಹನ್ನೆರಡರಿಂದ ಗುಣಿಸಿ ವರ್ಷದ ಆದಾಯ ತೋರಿಸುವ ತಂಡಕ್ಕೆ, ಜುಲೈಯಲ್ಲಿ ಏನು ಊಟ ಮಾಡುತ್ತೀರಿ ಎಂದು ಕೇಳಿ.

7. ಊರಿನ ದೊಡ್ಡ ಕತೆಗಳು

ಬ್ಯಾಂಕುಗಳ ತೊಟ್ಟಿಲು ಎಂದು ನಮ್ಮ ಜಿಲ್ಲೆಯನ್ನು ಹೊಗಳುವ ಭಾಷಣ ಎಲ್ಲರೂ ಕೇಳಿದ್ದಾರೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು, 1931ರಲ್ಲಿ ಎ.ಬಿ. ಶೆಟ್ಟರು ಬ್ಯಾಂಕು ಕಟ್ಟಿದರು. ಹೆಸರು, ಇಸವಿ ಬಾಯಿಪಾಠ ಮಾಡಿಸಿದರೆ ಅದು ಇತಿಹಾಸದ ಪಾಠ. ಉದ್ಯಮದ ಪಾಠವಾಗಬೇಕಾದರೆ ಕತೆಯನ್ನು ನಡುವೆ ನಿಲ್ಲಿಸಿ, ‘ಈಗ ನೀವೇನು ಮಾಡುತ್ತಿದ್ದಿರಿ?’ ಎಂದು ಕೇಳಬೇಕು.

ಪಿಗ್ಮಿ ಎಂಬ ದಿನದ ಉಳಿತಾಯ ಠೇವಣಿಯನ್ನೇ ತೆಗೆದುಕೊಳ್ಳಿ. ಕೈಮಗ್ಗದ ಬಿಕ್ಕಟ್ಟಿನಿಂದ ಸೋತ ನೇಕಾರರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಸಿಂಡಿಕೇಟ್ ಶುರುವಾಯಿತು. ಸಾಲ ಕೊಡಲು ಠೇವಣಿ ಬೇಕು. ಠೇವಣಿ ಇಡುವವರಲ್ಲಿ ದಿನಕ್ಕೆ ಎರಡಾಣೆ ಮಿಗುವುದೇ ಹೆಚ್ಚು, ಅವರು ಬ್ಯಾಂಕಿನ ಮೆಟ್ಟಿಲು ಹತ್ತುವವರಲ್ಲ. ಇಲ್ಲಿಗೆ ನಿಲ್ಲಿಸಿ. ತಂಡಗಳು ಇಪ್ಪತ್ತು ನಿಮಿಷ ಯೋಚಿಸಲಿ. ಆಮೇಲೆ 1928ರಲ್ಲಿ ಏಜೆಂಟರು ಮನೆಮನೆಗೆ ಹೋಗಿ ದಿನವೂ ಎರಡಾಣೆ ಸಂಗ್ರಹಿಸುವ ಪಿಗ್ಮಿ ಬಂತು ಎಂದು ಹೇಳಿ, ಮತ್ತೆ ಲೆಕ್ಕಕ್ಕೆ ಇಳಿಸಿ. ಒಬ್ಬ ಏಜೆಂಟ್ ದಿನಕ್ಕೆ ಎಷ್ಟು ಮನೆ ಸುತ್ತಬಹುದು? ಅವನ ಕಮಿಷನ್, ಠೇವಣಿದಾರರ ಬಡ್ಡಿ ಎರಡೂ ಹುಟ್ಟಬೇಕಾದರೆ ಸಾಲದ ಬಡ್ಡಿ ಎಷ್ಟಿರಬೇಕು? ಅವನು ಹಣದೊಂದಿಗೆ ಪರಾರಿಯಾದರೆ? ಇದೇ ರೀತಿಯಲ್ಲಿ ಕ್ಯಾಂಪ್ಕೊವನ್ನೂ ಎತ್ತಿಕೊಳ್ಳಬಹುದು. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾಗಿ ಹುಟ್ಟಿದ್ದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಡಿಕೆಯವರು ಚಾಕೊಲೇಟಿಗೆ ಯಾಕೆ ಹೋದರು, ನೀವು ನಿರ್ದೇಶಕರಾಗಿದ್ದರೆ ಒಪ್ಪುತ್ತಿದ್ದಿರಾ?

8. ಅತಿಥಿಗಳು

ಶಾಲು, ಹಾರ, ಒಂದು ಗಂಟೆ ಭಾಷಣ ಬೇಡ. ಬರುವವರು ತಮ್ಮ ಈಗಿನ ಒಂದು ತಲೆನೋವನ್ನು ಹಿಡಿದುಕೊಂಡು ಬರಲಿ, ತಂಡಗಳು ಪರಿಹಾರ ಸೂಚಿಸಲಿ. ಕೋಟಿ ದುಡಿದವರಿಗಿಂತ ಮೂರು ವರ್ಷದ ಬೇಕರಿ ನಡೆಸುವವರು, ಬೈಕಂಪಾಡಿಯಲ್ಲಿ ಸಣ್ಣ ವರ್ಕ್‌ಶಾಪ್ ಇರುವವರು ಹೆಚ್ಚು ಕಲಿಸುತ್ತಾರೆ. ಅಂಗಡಿ ಮುಚ್ಚಿದವರೊಬ್ಬರು ಬರಲು ಒಪ್ಪಿದರೆ ಅದೇ ಒಳ್ಳೆಯ ತರಗತಿ. ಆದರೆ ಅವರನ್ನು ‘ವಿಫಲ ಉದ್ಯಮಿ’ ಎಂದು ಪರಿಚಯಿಸಬೇಡಿ.

9. ಕಾಗದಪತ್ರ, ಸಾಲ, ಇನ್‌ಕ್ಯುಬೇಟರ್

ಇದನ್ನು ಮುದ್ದಾಂ ಕೊನೆಗೆ ಇಟ್ಟಿದ್ದೇನೆ. ಮೊದಲೇ ಹೇಳಿದರೆ ತರಗತಿ ಪೂರ್ತಿ ‘ಸಬ್ಸಿಡಿ ಎಷ್ಟು?’ ಎಂಬಲ್ಲಿಗೆ ಜಾರುತ್ತದೆ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯೆಂಬ ಸರಕಾರಿ ಗುರುತು, 2020ರ ಜುಲೈ 1ರಿಂದ ಆನ್‌ಲೈನಿನಲ್ಲಿ ಉಚಿತ. ಸಾವಿರ ರೂಪಾಯಿ ಕೇಳುವ ವೆಬ್‌ಸೈಟುಗಳು ದಲ್ಲಾಳಿಗಳವು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆಯವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಯುಪಿಐ ವಹಿವಾಟು ನೋಡಿ 2025ರ ಜುಲೈ ಹೊತ್ತಿಗೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದು ಗದ್ದಲವಾದದ್ದನ್ನು ನೆನಪಿಸಿದರೆ ವಿದ್ಯಾರ್ಥಿಗಳು ಕಿವಿ ನಿಮಿರಿಸುತ್ತಾರೆ. ಮುದ್ರಾ ಸಾಲದಲ್ಲಿ ಶಿಶು 50,000 ರೂಪಾಯಿವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗಿನ ತರುಣ್ ಪ್ಲಸ್. ಯಾವುದಕ್ಕೂ ಅಡಮಾನ ಬೇಕಿಲ್ಲ, ತೀರಿಸುವ ಹೊಣೆ ಮಾತ್ರ ಇದೆ.

ನಿಜವಾಗಿ ಮುಂದುವರಿಯುವವರನ್ನು ಉಜಿರೆಯ ರುಡ್‌ಸೆಟ್‌ಗೆ ಕಳುಹಿಸಿ. 1982ರಲ್ಲಿ ಶುರುವಾದ ಇದರ ಮಾದರಿಯಲ್ಲೇ ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಬಂದವು. ತರಬೇತಿಯೂ ಊಟ, ವಸತಿಯೂ ಉಚಿತ. ತಂತ್ರಜ್ಞಾನದ ತಂಡಗಳಿಗೆ ಸುರತ್ಕಲ್ ಎನ್‌ಐಟಿಕೆಯ ಸ್ಟೆಪ್, ಮಣಿಪಾಲ ಮತ್ತು ನಿಟ್ಟೆಯ ಇನ್‌ಕ್ಯುಬೇಟರ್‌ಗಳಿವೆ. ಇನ್‌ಕ್ಯುಬೇಟರ್ ಎಂದರೆ ಹೊಸ ಉದ್ದಿಮೆಗೆ ಸ್ವಲ್ಪ ಕಾಲ ಜಾಗ, ಉಪಕರಣ, ಸಲಹೆ ಕೊಡುವ ಕೇಂದ್ರ. ಗ್ರಾಹಕರೇ ಇಲ್ಲದ ತಂಡವನ್ನು ಅಲ್ಲಿಗೆ ಅಟ್ಟಬೇಡಿ.

2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿಯನ್ನು ನಿಮ್ಮ ಕಾಲೇಜು ಅಳವಡಿಸಿಕೊಂಡಿದೆಯೇ ಎಂದು ವಿಚಾರಿಸಿ. ವಿದ್ಯಾರ್ಥಿ ಉದ್ಯಮಿಗೆ ಹಾಜರಾತಿಯಲ್ಲಿ ಸಡಿಲಿಕೆ, ಪ್ರಾಜೆಕ್ಟಿನ ಬದಲು ಸ್ಟಾರ್ಟಪ್, ಒಪ್ಪಿಗೆ ಪಡೆದು ಕಾಲೇಜಿನ ವಿಳಾಸದಲ್ಲಿ ಕಂಪನಿ ನೋಂದಣಿ ಎಲ್ಲಕ್ಕೂ ಅದರಲ್ಲಿ ದಾರಿಯಿದೆ. ತನ್ನ ಸೌಲಭ್ಯ ಬಳಸಿದ್ದಕ್ಕೆ ಕಾಲೇಜು ಕಂಪನಿಯಲ್ಲಿ ಪಾಲು ಕೇಳಿದರೆ, ನೀತಿ ಸೂಚಿಸುವುದು ಶೇ 2ರಿಂದ 9.5. ಅದಕ್ಕಿಂತ ಹೆಚ್ಚು ಕೇಳಿದರೆ ವಿದ್ಯಾರ್ಥಿಯ ಪರ ನಿಲ್ಲಬೇಕಾದವರು ನೀವೇ.

10. ಕೊನೆಯ ಎರಡು ವಾರ

ಮೌಖಿಕ ಪರೀಕ್ಷೆಯಲ್ಲಿ ಸ್ಲೈಡ್ ಬೇಡ. ನೋಟ್‌ಬುಕ್ ಮೇಜಿನ ಮೇಲೆ ಇರಲಿ, ಯಾವುದೋ ಒಂದು ಪುಟ ತೆರೆದು ಕೇಳಿ: ಈ ಹೆಂಗಸು ಬೇಡ ಅಂದದ್ದು ಯಾಕೆ? ಈ ದಿನ 340 ರೂಪಾಯಿ ಎಲ್ಲಿ ಹೋಯಿತು? ಮರುದಿನ ಏನು ಬದಲಿಸಿದಿರಿ? ತಂಡದ ಯಾವ ಸದಸ್ಯರನ್ನಾದರೂ ಕೇಳಬಹುದು ಎಂದು ಮೊದಲೇ ತಿಳಿಸಿದ್ದರೆ ಹಾಜರಿಗೆ ಮಾತ್ರ ಇದ್ದವನು ತಾನಾಗಿ ಹೊರಬೀಳುತ್ತಾನೆ. ಪಿಚ್ ಸ್ಪರ್ಧೆ, ಅಂದರೆ ಐದು ನಿಮಿಷದಲ್ಲಿ ಹೂಡಿಕೆದಾರರ ಮನವೊಲಿಸುವ ಮಾತು, ಫೆಸ್ಟಿಗೆ ಒಳ್ಳೆಯದು. ಅದರಲ್ಲಿ ಗೆಲ್ಲುವುದು ಮಾತುಗಾರರು.

ನಿಲ್ಲಿಸುತ್ತೇವೆ ಎನ್ನುವ ತಂಡಕ್ಕೆ ಅಂಕ ಕಡಿಯಬೇಡಿ. ಕಾರಣವನ್ನು ಲೆಕ್ಕದಿಂದ ತೋರಿಸಿದರೆ ಪೂರ್ತಿ ಅಂಕಕ್ಕೆ ಅರ್ಹರು.

ಪ್ರಾಂಶುಪಾಲರು ‘ಎಷ್ಟು ಕಂಪನಿ ಹುಟ್ಟಿತು?’ ಎಂದು ಕೇಳುತ್ತಾರೆ, ಮಾನ್ಯತಾ ಸಮಿತಿಯ ಫಾರ್ಮಿನಲ್ಲೂ ಅದಕ್ಕೊಂದು ಕಾಲಂ ಇರುತ್ತದೆ. ನೆದರ್ಲೆಂಡ್ಸಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳೇ ಸಣ್ಣ ಕಂಪನಿ ನಡೆಸುವ ಕೋರ್ಸನ್ನು ಪರಿಶೀಲಿಸಿದ ಅಧ್ಯಯನ 2010ರಲ್ಲಿ ಬಂತು. ಕೋರ್ಸ್ ಮುಗಿದಾಗ ಉದ್ಯಮಿಯಾಗುವ ಆಸೆ ಕಮ್ಮಿಯಾಗಿತ್ತು, ಕೌಶಲದಲ್ಲಿ ಹೇಳುವಂಥ ಬದಲಾವಣೆ ಕಾಣಲಿಲ್ಲ. ಕೌಶಲದ ಮಾತು ನಮಗೆ ಎಚ್ಚರಿಕೆ: ಕಂಪನಿ ನಡೆಸಿದ ಮಾತ್ರಕ್ಕೆ ಕಲಿತಂತಾಗುವುದಿಲ್ಲ, ನಡೆದದ್ದನ್ನು ಕುಳಿತು ಬಿಡಿಸಿ ನೋಡುವ ಅವಧಿ ವಾರವಾರವೂ ಬೇಕು. ಆಸೆ ಕಮ್ಮಿಯಾದದ್ದು ನನಗೆ ಕೆಟ್ಟದಾಗಿ ಕಾಣುವುದಿಲ್ಲ. ಮನೆ ಅಡವಿಟ್ಟು ಸಾಲ ಮಾಡುವ ಮೊದಲು, ಸಾವಿರ ರೂಪಾಯಿಯ ಖರ್ಚಿನಲ್ಲಿ ‘ಇದು ನನಗಲ್ಲ’ ಎಂದು ತಿಳಿದವನು ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಒಳ್ಳೆಯ ಕೆಲಸಗಾರನಾಗುತ್ತಾನೆ. ವರದಿಯಲ್ಲಿ ಬರೆಯುವುದಾದರೆ ಒಟ್ಟು ಭೇಟಿಗಳ ಸಂಖ್ಯೆ, ಹಣ ಕೊಟ್ಟ ಅಪರಿಚಿತ ಗ್ರಾಹಕರ ಸಂಖ್ಯೆ, ಯೋಚನೆ ಬದಲಿಸಿದ ತಂಡಗಳ ಸಂಖ್ಯೆ ಬರೆಯಿರಿ.

ಕಡೆಯ ದಿನ ಹಣದ ಡಬ್ಬಿ ಖಾಲಿ ಮಾಡಿಸಿ. ಕಾಲೇಜಿನಿಂದ ತಂದ ಬೀಜಧನ ಮೊದಲು ವಾಪಸು, ಅಂಗಡಿಯವರ ಬಾಕಿ ಆಮೇಲೆ, ಮಿಕ್ಕದ್ದು ತಂಡಕ್ಕೆ ಸಮಪಾಲು. ಗ್ರಾಹಕರಿಗೆ ಮುಂಗಡ ಹಿಂತಿರುಗಿಸಬೇಕಿದ್ದರೆ ಅದು ಎಲ್ಲಕ್ಕಿಂತ ಮೊದಲು. ರಶೀದಿಗಳನ್ನು ನೋಟ್‌ಬುಕ್ಕಿಗೆ ಅಂಟಿಸಿ ವಿಭಾಗದ ಕಪಾಟಿನಲ್ಲಿಡಿ. ಮುಂದಿನ ವರ್ಷದ ತಂಡ ಅದೇ ಗ್ರಾಹಕರ ಬಾಗಿಲು ತಟ್ಟುವ ಮೊದಲು ಆ ಪುಟಗಳನ್ನು ಓದಿಕೊಂಡು ಹೋಗಲಿ.